ತಾರಸಿಯ ಮೇಲೆ ಎರಡು ಒಲೆ

ಸಂಜೆ ಆರೂಕಾಲಕ್ಕೆ ಗಾಳಿ ದಿಕ್ಕು ಬದಲಿಸಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಸುರೇಶ ಆಗಷ್ಟೇ ಕೈಗಡಿಯಾರ ನೋಡಿ, "ಆರೂಕಾಲು! ಇನ್ನೇನು ಮೊದಲ್ನೇ ಬ್ಯಾಚ್ ಬಂತು, ಎಲ್ರೂ ತಟ್ಟೆ ಹಿಡ್ಕೊಳ್ಳಿ" ಎಂದು ದೊಡ್ಡ ಹೋಟೆಲಿನವರ ಗತ್ತಿನಲ್ಲಿ ಕೂಗಿದ್ದ. ಅದುವರೆಗೆ ರಸ್ತೆಯ ಕಡೆ ಹೋಗುತ್ತಿದ್ದ ಕೈಮಾದ ಹೊಗೆ ಅವನ ಮಾತು ಮುಗಿಯುವುದರೊಳಗೆ ಹಿಂದಕ್ಕೆ ತಿರುಗಿ, ತಾರಸಿಯ ಆಚೆ ತುದಿಯಲ್ಲಿ ನಮ್ಮ ಅಜ್ಜಿ ಮತ್ತು ಅವ್ವ ಕೂತಿದ್ದ ಕಡೆ ಬಂತು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮನೆಯ ಒಡತಿ ಮುನಿರತ್ನಮ್ಮ ಅದನ್ನು ನೋಡಿಬಿಟ್ಟರು.

ಅಲ್ಲಿಂದಲೇ ಶುರುವಾಯಿತು. ಯಾರೂ ಜಗಳ ಆಡಲಿಲ್ಲ, ಯಾರೂ ಹುಡುಗಾಟಿಕೆ ಮಾಡಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಅನುಕೂಲ ಮಾಡಿಕೊಡಲು ಹೋದರು.

ಈಗಲೂ ಸಂಜೆ ಹೊತ್ತು ಶಿವಾಜಿನಗರದ ಕಡೆ ಹೋದರೆ, ಇದ್ದಿಲ ಮೇಲೆ ಮಾಂಸ ಸುಡುವ ವಾಸನೆ ಬೀದಿ ತಿರುವಿನಲ್ಲಿ ಎದುರಾಗುತ್ತದೆ. ಪಕ್ಕದಲ್ಲಿರುವವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಅದರ ಹಿಂದೆಯೇ ಇನ್ನೊಂದು ವಾಸನೆ ಬರುತ್ತದೆ, ನೆಂದ ಗೋಣಿಚೀಲದ್ದು. ಅಲ್ಲಿ ಎಲ್ಲೂ ಗೋಣಿಚೀಲ ಇರುವುದಿಲ್ಲ.

ಅದು ತೊಂಬತ್ತೊಂಬತ್ತರ ಬೇಸಿಗೆ. ನಾವು ಹೊಸ ತಿಪ್ಪಸಂದ್ರದಲ್ಲಿ, ಮಾರ್ಕೆಟ್ ರಸ್ತೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಮ್ಮದು ಗದಗಿನ ಕಡೆಯ ಮನೆತನ, ಮೊಟ್ಟೆಯನ್ನೂ ಮುಟ್ಟದವರು. ಕೆಳಗಡೆ ಮಾಲೀಕರು, ಮುನಿರತ್ನಮ್ಮ ಮತ್ತು ಅವರ ಗಂಡ ನಾರಾಯಣಪ್ಪ. ಮೂಲ ತಿಪ್ಪಸಂದ್ರದವರು. ನಾರಾಯಣಪ್ಪನವರು ತಾರಸಿಯ ಮೇಲೆ ನಿಂತು ಎದುರಿನ ಬೇಕರಿ ತೋರಿಸಿ, "ಅದೇ ನೋಡಮ್ಮ, ಅಲ್ಲಿ ನಮ್ಮಪ್ಪ ರಾಗಿ ಕುಯ್ತಿದ್ರು. ಈಗ ಅಲ್ಲೇ ದುಡ್ ಕೊಟ್ಟು ಬನ್ ತಗೋತೀನಿ" ಎಂದು ನಗುತ್ತಿದ್ದರು.

ಅವರ ಮಗನೇ ಸುರೇಶ, ನನ್ನ ವಯಸ್ಸಿನವನು. ನಾನು ಆ ವರ್ಷ ಬಿ.ಕಾಂ. ಕೊನೆಯ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಅವನು ಕಂಟೋನ್ಮೆಂಟ್ ಕಡೆಯ ಒಂದು ಹೋಟೆಲಿನ ಅಡುಗೆಮನೆ ಸೇರಿ ಸ್ವಲ್ಪ ಕಾಲವಾಗಿತ್ತು. ಅಲ್ಲಿ ಭಾನುವಾರ ಹುಲ್ಲುಹಾಸಿನ ಮೇಲೆ ಕೆಂಡದಲ್ಲಿ ಬರ್ಗರ್ ಸುಟ್ಟುಕೊಡುತ್ತಾರಂತೆ. ಅದನ್ನು ಮನೆಯಲ್ಲಿ ಮಾಡಿ ತೋರಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ಹಳೇ ಡ್ರಮ್ಮೊಂದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಉದ್ದಕ್ಕೆ ಸೀಳಿಸಿ, ಕಾಲು ಹಾಕಿಸಿ, ಮೇಲೊಂದು ಕಬ್ಬಿಣದ ಜಾಲರಿ ಹೊಂದಿಸಿದ. ಹಲಸೂರಿನಿಂದ ಇದ್ದಿಲಿನ ಮೂಟೆ ತಂದ.

ಕೈಮಾ ತರಲು ರಸೆಲ್ ಮಾರುಕಟ್ಟೆಗೆ ಅವನ ಜೊತೆ ನಾನೂ ಹೋಗುತ್ತಿದ್ದೆ. ಮಾಂಸದ ಸಾಲಿನ ಒಳಗೆ ಹೋಗದೆ ಹೂವಿನವರ ಹತ್ತಿರ ನಿಲ್ಲುತ್ತಿದ್ದೆ. ಆದರೂ ಮಾತು ಕೇಳಿಸುತ್ತಿತ್ತು.

"ಕೊಬ್ಬು ತೆಗೀಬೇಕಾ ಬೇಡ್ವಾ?" ಎಂದು ಅಂಗಡಿಯವರು.

"ಬೇಡ ಭಾಯ್, ಇರ್ಲಿ. ಕೊಬ್ಬಿಲ್ದಿದ್ರೆ ಒಣಗಿ ಚಪ್ಲಿ ಥರ ಆಗೋಗತ್ತೆ. ಮಷೀನಿಗೆ ಹಾಕ್ಬೇಡಿ, ಕೈಯಲ್ಲೇ ಕೊಚ್ಚಿ."

"ಕ್ಯಾ ಭಾಯ್, ಮದುವೆನಾ? ಅಲ್ಲಿ ಮಲ್ಲಿಗೆ ಹತ್ರ ನಿಂತಿರೋರು ಹುಡುಗಿ ಕಡೆಯವರಾ?"

"ಅಯ್ಯೋ, ಅವ್ರು ಸೊಪ್ಪಿನ ಕಡೆಯವರು!"

ಮನೆಗೆ ಬಂದಮೇಲೆ ಅವನು ಈರುಳ್ಳಿ, ಮೆಣಸಿನಪುಡಿ, ಉಪ್ಪು ಬೆರೆಸಿ, ಹೆಚ್ಚು ನಾದದೆ ಹಗುರವಾಗಿ ತಟ್ಟಿ, ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತುತ್ತಿದ್ದ. ಒತ್ತದಿದ್ದರೆ ಕೆಂಡದ ಮೇಲೆ ಅದು ಚೆಂಡಿನಂತೆ ಉಬ್ಬುತ್ತದಂತೆ. ನಮಗಾಗಿ ಮಾಡಿದ ಆಲೂಗಡ್ಡೆಯ ಬಿಲ್ಲೆ ಮಾತ್ರ ಪ್ರತಿಸಲವೂ ಜಾಲರಿಯ ಸಂದಿನಲ್ಲಿ ಕುಸಿದು ಕೆಂಡಕ್ಕೆ ಬೀಳುತ್ತಿತ್ತು. "ನಿಮ್ ಜಾತಿ ಬರ್ಗರ್‌ಗೆ ಬೆನ್ನುಮೂಳೆನೇ ಇಲ್ಲ" ಎಂದು ಸುರೇಶ ರೇಗಿಸುತ್ತಿದ್ದ.

ಏಪ್ರಿಲ್‌ನಲ್ಲಿ ಅಜ್ಜಿ ಗದಗಿನಿಂದ ಬಂದಳು. ಬೆನ್ನುಮೂಳೆ ಕೊಟ್ಟವಳು ಅವಳೇ.

"ಬರ್ಗರ್ ಅಂದ್ರ ಏನಪಾ ಅದು? ಬನ್ನಿನ್ಯಾಗ ವಡಿ ಇಟ್ಟದ್ದು, ಹೌದಿಲ್ಲೋ?" ಎಂದು ಸುರೇಶನನ್ನು ಕೇಳಿದಳು. ಅವನು ತಲೆಯಾಡಿಸಿದ. "ಮತ್ತ ಅದಕ್ಯಾಕ ಇಷ್ಟು ಒದ್ದಾಡ್ತಿ?"

ಮಡಿಕೆಕಾಳು ಮೊಳಕೆ ಬರಿಸಿ, ಅರೆಬೇಯಿಸಿ, ಒರಟಾಗಿ ಜಜ್ಜಿದಳು. ಒಂದೇ ಒಂದು ಆಲೂಗಡ್ಡೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ. ಹಿಡಿದುಕೊಳ್ಳಲು ಪುಟಾಣಿ ಹಿಟ್ಟು. ಮುನಿರತ್ನಮ್ಮನಿಗೆ ಪುಟಾಣಿ ಎಂದರೆ ತಿಳಿಯಲಿಲ್ಲ. ಡಬ್ಬಿ ತೆಗೆದು ತೋರಿಸಿದಾಗ, "ಅಯ್ಯೋ, ಹುರಿಗಡಲೆ! ಇದಕ್ಕೆ ಎಂಥಾ ಮುದ್ದಾದ ಹೆಸರಿಟ್ಟಿದೀರ ಅಮ್ಮ" ಎಂದರು. ಬಾಳೆಲೆಯ ಮೇಲೆ ತಟ್ಟಿ ಎಣ್ಣೆ ಸವರಿ ಜಾಲರಿಗೆ ಜಾರಿಸಿದರೆ ಅಜ್ಜಿಯ ಬಿಲ್ಲೆ ಅಲುಗಾಡಲಿಲ್ಲ. ಬೆಣ್ಣೆ ಹಚ್ಚಿ ಸುಟ್ಟ ಬನ್ನಿನೊಳಗೆ ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಬಳಿದು ಕೊಟ್ಟಳು. ಸುರೇಶ ತನ್ನ ಕೈಮಾದ್ದನ್ನು ಪಕ್ಕಕ್ಕಿಟ್ಟು ಅದನ್ನೇ ಎರಡು ತಿಂದ. "ಅಜ್ಜಿ, ನಮ್ ಹೋಟ್ಲಿಗೆ ಬಂದ್ಬಿಡಿ, ನಮ್ ಶೆಫ್‌ನ ಊರಿಗೆ ಕಳ್ಸೋಣ."

ಅಜ್ಜಿ ಬಂದ ಮೇಲೆ ಮುನಿರತ್ನಮ್ಮ ಒಂದು ನಿಯಮ ಮಾಡಿದರು. ಎರಡು ಒಲೆ. ಮಾಂಸಕ್ಕೆ ರಸ್ತೆ ಕಡೆಯ ಡ್ರಮ್ಮು, ನಮಗೆ ನೀರಿನ ಟ್ಯಾಂಕಿನ ಪಕ್ಕ ಅವರ ಅತ್ತೆಯ ಕಾಲದ ಅಗ್ಗಿಷ್ಟಿಕೆ. ಅಜ್ಜಿ ಅದನ್ನು ಶೆಗಡಿ ಎನ್ನುತ್ತಿದ್ದಳು. ಇಕ್ಕಳ ಬೇರೆ, ಎಣ್ಣೆಯ ಬಟ್ಟಲು ಬೇರೆ, ನೀರಿನ ಚೊಂಬೂ ಬೇರೆ. "ಅಷ್ಟೆಲ್ಲ ಯಾಕ್ರೀ" ಎಂದು ಅವ್ವ ಸಂಕೋಚಪಟ್ಟರೆ, "ಸುಮ್ನಿರಿ ಅಮ್ಮ. ದೊಡ್ಡೋರು ನಮ್ಮನೇಲಿ ಕೂತು ಉಣ್ತಾರೆ ಅಂದ್ರೆ ನಾವು ಅಷ್ಟೂ ನೋಡ್ಕೊಳ್ದಿದ್ರೆ ಹೆಂಗೆ" ಎನ್ನುತ್ತಿದ್ದರು. ಹೀಗೆ ಕೆಲವು ಭಾನುವಾರಗಳು ನಡೆದವು. ನನ್ನ ಬದುಕಿನಲ್ಲಿ ಅಷ್ಟು ಹಗುರಾದ ಸಂಜೆಗಳು ಮತ್ತೆ ಬರಲಿಲ್ಲ.

ಆ ಭಾನುವಾರ ಅಪ್ಪ ಓವರ್‌ಟೈಮ್ ಕೆಲಸಕ್ಕೆ ಹೋಗಿದ್ದರು. ಗಾಳಿ ತಿರುಗಿ ಹೊಗೆ ಅಜ್ಜಿಯ ಕಡೆ ಬಂದದ್ದೇ ಮುನಿರತ್ನಮ್ಮ ಎದ್ದರು. ತಾರಸಿಯ ಮೂಲೆಯಲ್ಲಿ ಸಾಮಾನು ತುಂಬಿಡುವ ಒಂದು ಸಣ್ಣ ಕೋಣೆಯಿತ್ತು. ಒಂದು ಬಾಗಿಲು, ಒಂದು ಕಿಟಕಿ, ಮೇಲೆ ಕಾಂಕ್ರೀಟು.

"ಅಮ್ಮ, ಒಲೆ ಒಳಗಿಟ್ಕೊಂಡು ಮಾಡ್ಕೊಳ್ಳಿ. ಈ ನಾತ ನಿಮ್ಗೆ ಯಾಕೆ?" ಎಂದರು.

ಅವ್ವ ಸ್ವಲ್ಪ ಹಿಂದೆಮುಂದೆ ನೋಡಿದಳು. ಅಜ್ಜಿಯೇ ಧೈರ್ಯ ಹೇಳಿದಳು. "ಚಂದಾಗಿ ಹತ್ತಿದ ಕೆಂಡ ಐತಿ, ಹೊಗಿ ಇಲ್ಲ. ಊರಾಗ ಚಳಿಗಾಲದಾಗ ಶೆಗಡಿ ಮಗ್ಗಲದಾಗ ಇಟ್ಕೊಂಡೇ ಮಲಗ್ತಿದ್ವಿ. ಏನಾಗ್ತದ?"

ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಊರಿನ ಮಣ್ಣಿನ ಮಾಳಿಗೆಗೆ ಬೆಳಕಿಂಡಿ ಇತ್ತು. ಹಗಲು ಬೆಳಕು ಬಿಡುವ ಆ ತೂತು ರಾತ್ರಿಯೆಲ್ಲ ಕೆಂಡದ ಗಾಳಿಯನ್ನು ಹೊರಗೆ ಎಳೆದುಹಾಕುತ್ತಿತ್ತೆಂದು ಅವಳಿಗೂ ಗೊತ್ತಿರಲಿಲ್ಲ, ಅಲ್ಲಿದ್ದ ನಮಗ್ಯಾರಿಗೂ ಹೊಳೆಯಲಿಲ್ಲ.

ಸುರೇಶ ಮತ್ತು ನಾರಾಯಣಪ್ಪ ಅಗ್ಗಿಷ್ಟಿಕೆಯನ್ನು ಗೋಣಿ ಹಿಡಿದು ಒಳಗೆ ಸಾಗಿಸಿದರು. ಅಜ್ಜಿ, ಅವ್ವ ಒಳಗೆ ಚಾಪೆ ಹಾಸಿಕೊಂಡು ಕೂತರು. ಕಿಟಕಿ ಡ್ರಮ್ಮಿನ ಕಡೆಗೇ ಇದ್ದುದರಿಂದ ಸುರೇಶ ಅದನ್ನು ಮುಚ್ಚಿದ. ಅಷ್ಟರಲ್ಲಿ ಮಳೆ ಬಂತು. ಬೇಸಿಗೆ ಕೊನೆಯ ಮಳೆ ಬರುವ ರೀತಿಯೇ ಹಾಗೆ, ಮೊದಲು ಧೂಳು, ಆಮೇಲೆ ದಪ್ಪ ಹನಿ. ಬಾಗಿಲು ಪಟಪಟ ಬಡಿದುಕೊಳ್ಳತೊಡಗಿತು. ಮುನಿರತ್ನಮ್ಮ ಅದನ್ನು ಎಳೆದು ಮುಚ್ಚಿ, "ಒಳಗಿಂದ ಚಿಲ್ಕ ಹಾಕ್ಕೊಂಡ್ಬಿಡಿ ಅಮ್ಮ" ಎಂದು ಕೂಗಿದರು. ಚಿಲಕ ಬಿದ್ದ ಸದ್ದು ಕೇಳಿಸಿತು. ಹೊಸ್ತಿಲ ಕೆಳಗಿಂದ ನೀರು ನುಗ್ಗಿರಬೇಕು. ಅವ್ವ ಒಳಗಡೆಯಿಂದ ಅದೇ ಗೋಣಿಚೀಲವನ್ನು ಬಾಗಿಲ ಬುಡಕ್ಕೆ ತುರುಕಿದ್ದಳೆಂದು ಆಮೇಲೆ ತಿಳಿಯಿತು.

ನಾವು ಹೊರಗಿನವರು ಮಳೆಗೆ ಹೆದರಲಿಲ್ಲ. ನಾರಾಯಣಪ್ಪ ಗೋಡೆಗೂ ಟ್ಯಾಂಕಿಗೂ ಪ್ಲಾಸ್ಟಿಕ್ ಹೊದಿಕೆ ಕಟ್ಟಿದರು, ನಾನು ಡ್ರಮ್ಮಿನ ಮೇಲೆ ಕೊಡೆ ಹಿಡಿದೆ. "ಎಡಕ್ಕೆ ಹಿಡಿಯೇ ಸುಮಾ, ಬರ್ಗರ್ ಸ್ನಾನ ಮಾಡ್ತಿದೆ!" ಎಂದು ಸುರೇಶ ಕಿರುಚುತ್ತಿದ್ದ. ನಕ್ಕು ನಕ್ಕು ಹೊಟ್ಟೆ ನೋಯುತ್ತಿತ್ತು. ಕೋಣೆಯ ಒಳಗಿನಿಂದಲೂ ನಗು ಕೇಳಿಸುತ್ತಿತ್ತು. ಅಜ್ಜಿ ಯಾವುದೋ ಬೀಸುಕಲ್ಲಿನ ಪದ ಹಾಡುತ್ತಿದ್ದಳು. ಆಮೇಲೆ ಪದ ನಿಂತಿತು. ಪದ ಮುಗಿದಿದೆ ಎಂದುಕೊಂಡೆ.

ನಾನು ಇಷ್ಟು ವರ್ಷ ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿಸಿಕೊಳ್ಳುವುದು ಅದನ್ನೇ. ಪದ ನಿಂತ ಕ್ಷಣವನ್ನು. ಪದ ಮುಗಿದರೆ ಒಂದು ಮಾತು ಬರಬೇಕು, ಒಂದು ನಗು ಬರಬೇಕು. ಮಳೆಯ ಸದ್ದು ಮಾತ್ರ ಇತ್ತು.

ಮಳೆ ಹಿಡಿದುಕೊಂಡಿತು, ಅರ್ಧ ಗಂಟೆಯ ಮೇಲಾದರೂ ಬಿಡಲಿಲ್ಲ. ಒಲೆ ಸಾಗಿಸುವಾಗ ತಟ್ಟೆಗಳೂ ಒಳಗೆ ಹೋಗಿದ್ದವು. ಮುನಿರತ್ನಮ್ಮ ಸೆರಗು ತಲೆಗೆ ಹೊದ್ದು ಹೋಗಿ ಬಾಗಿಲು ತಟ್ಟಿದರು. "ಅಮ್ಮ, ತಟ್ಟೆ ಕೊಡ್ತೀರಾ?" ಉತ್ತರವಿಲ್ಲ. ಜೋರಾಗಿ ತಟ್ಟಿದರು. ನಮ್ಮ ಕಡೆ ತಿರುಗಿ, "ಏನು, ಇಬ್ರೂ ನಿದ್ದೆ ಹೋಗ್ಬಿಟ್ರಾ?" ಎಂದು ನಗುತ್ತಲೇ ಕೇಳಿದರು. ಆ ನಗು ಅವರ ಮುಖದಲ್ಲಿ ಅರ್ಧಕ್ಕೆ ನಿಂತದ್ದನ್ನು ನಾನು ನೋಡಿದೆ.

ಸುರೇಶ ಇಕ್ಕಳ ಎಸೆದು ಓಡಿದ. ಭುಜ ಕೊಟ್ಟು ಗುದ್ದಿದ. ಎರಡನೆಯ ಸಲ ನಾರಾಯಣಪ್ಪನೂ ಸೇರಿದರು. ಚಿಲಕ ಕಿತ್ತು ಬಂದರೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಅವ್ವ ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದಳು. ಕೈ ಚಿಲಕದ ಕಡೆಗೆ ಚಾಚಿತ್ತು. ಅಜ್ಜಿ ಗೋಡೆಗೆ ಒರಗಿ, ತೊಡೆಯ ಮೇಲೆ ಬಾಳೆಲೆ ಇಟ್ಟುಕೊಂಡು ಕೂತಂತೆಯೇ ಇದ್ದಳು. ಕೆನ್ನೆಗಳು ಕೆಂಪಾಗಿದ್ದವು, ಬಿಸಿಲಲ್ಲಿ ನಡೆದು ಬಂದವರ ಹಾಗೆ. ಜಾಲರಿಯ ಮೇಲೆ ಅವಳ ಬಿಲ್ಲೆಗಳು ಕರಿಯಾಗುತ್ತಿದ್ದವು. ಕೋಣೆಯಲ್ಲಿ ಅದರದಷ್ಟೇ ತೆಳ್ಳಗಿನ ಹೊಗೆ.

ಇಬ್ಬರನ್ನೂ ಎಳೆದು ಮಳೆಯೊಳಗೆ ಮಲಗಿಸಿದೆವು. ನಾನು ಅವ್ವನ ಕೆನ್ನೆಗೆ ಬಡಿಯುತ್ತಿದ್ದೆ, ಮಳೆ ಅವಳ ತೆರೆದ ಬಾಯೊಳಗೆ ಬೀಳುತ್ತಿತ್ತು. ಮೊದಲು ಅವಳು ಕೆಮ್ಮಿದಳು. ಅಜ್ಜಿ ಕೆಮ್ಮಲಿಲ್ಲ. ಉಸಿರು ಇತ್ತು, ಇಲ್ಲ, ಇತ್ತು. ಸುರೇಶ ಅಜ್ಜಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಮಾಂಸ ಮುಟ್ಟಿದ ಕೈ ಎಂದು ಅವಳ ನೀರಿನ ಚೊಂಬನ್ನೂ ಮುಟ್ಟದಿದ್ದ ಹುಡುಗ ಅವನು. ಅವನ ಅಂಗೈಯ ಕೊಬ್ಬು ಅಜ್ಜಿಯ ಬಿಳಿ ಸೀರೆಗೆ ಹತ್ತಿತ್ತು. ಎರಡು ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಹೋದೆವು.

"ಒಳಗೆ ಕೆಂಡ ಇಟ್ಕೊಂಡಿದ್ರಾ?" ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಅದು. ಅಷ್ಟರಲ್ಲಿ ಇಬ್ಬರ ಮೂಗಿಗೂ ಆಮ್ಲಜನಕ ಹಚ್ಚಿದ್ದರು.

"ಹೊಗೆ ಇರ್ಲಿಲ್ಲ ಡಾಕ್ಟ್ರೇ" ಎಂದು ಮುನಿರತ್ನಮ್ಮ ಕೈಮುಗಿದರು. "ದೇವ್ರಾಣೆಗೂ ಒಂಚೂರು ಹೊಗೆ ಇರ್ಲಿಲ್ಲ."

"ಹೊಗೆ ಇದ್ದಿದ್ರೆ ಕೆಮ್ಮಿ ಎದ್ದು ಹೊರಗೆ ಬರ್ತಿದ್ರಮ್ಮ. ಕೆಂಡದಿಂದ ಬರೋ ಈ ವಿಷಗಾಳಿಗೆ ವಾಸ್ನೆನೂ ಇಲ್ಲ, ಬಣ್ಣನೂ ಇಲ್ಲ."

ಮುನಿರತ್ನಮ್ಮ ಅಲ್ಲೇ ಗೋಡೆಗೆ ಜಾರಿ ಕೂತರು. "ಬಾಗ್ಲು ಹಾಕಿದ್ದು ನಾನು" ಎಂದರು. ಅಜ್ಜಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ, ನಮ್ಮೆಲ್ಲರ ಕಣ್ಣು ಅತ್ತಲೇ ಇತ್ತು. ಕಾರ್ಖಾನೆಯಿಂದ ಓಡಿಬಂದ ಅಪ್ಪ ಮುನಿರತ್ನಮ್ಮನನ್ನು ದಾಟಿ ಒಳಗೆ ಹೋದರು.

ಇಬ್ಬರೂ ಉಳಿದರು. ಅವ್ವನಿಗೆ ಕೆಲವು ದಿನ ತಲೆನೋವು, ವಾಂತಿ. ಅಜ್ಜಿ ಮರುದಿನ ಸಂಜೆ ಎಚ್ಚರಾಗಿ ನನ್ನನ್ನು ಗುರುತಿಸಿದಳು. ಅವಳ ಮೊದಲ ಮಾತು: "ಆ ಹುಡುಗಗ ಬರ್ಗರ್ ಕೊಟ್ಟಿಯೇನ, ಇನ್ನೂ ಇಲ್ಲೋ?"

ಅವಳಿಗೆ ಆ ಸಂಜೆ ಪೂರ್ತಿ ಅಳಿಸಿಹೋಗಿತ್ತು. ಕೋಣೆ ಇಲ್ಲ, ಬಾಗಿಲಿಲ್ಲ, ಮಳೆ ಇಲ್ಲ. ಅವ್ವನಿಗೂ ಗೋಣಿ ತುರುಕಿದ್ದಷ್ಟೇ ನೆನಪು. ಸಾವಿನ ಹತ್ತಿರ ಹೋಗಿದ್ದ ಇಬ್ಬರೂ ಏನೂ ಆಗದವರಂತೆ ನಿದ್ದೆ ಮಾಡುತ್ತಿದ್ದರು. ನಿದ್ದೆ ಕಳೆದುಕೊಂಡವರು ಹೊರಗೆ ನಿಂತಿದ್ದ ನಾವು. ಮಲಗಿದವರ ಉಸಿರು ಕೇಳಿಸದಿದ್ದರೆ ನಾನು ಎದ್ದು ಹೋಗಿ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ. ಕಿಟಕಿಗಳನ್ನೆಲ್ಲ ತೆರೆದಿಡುತ್ತಿದ್ದೆ. ಸೊಳ್ಳೆ ಕಚ್ಚಿ ಎಲ್ಲರೂ ಬೈದರೂ ಬಿಡಲಿಲ್ಲ. ಕಣ್ಣು ಮುಚ್ಚಿದರೆ ಅಜ್ಜಿಯ ಪದ ಕೇಳಿಸುವುದು, ಅದು ನಿಲ್ಲುವುದು, ನಾನು ಎದ್ದು ಕೂರುವುದು.

ಮುನಿರತ್ನಮ್ಮ ಬಡಗಿಯನ್ನು ಕರೆಸಿ ತಾರಸಿ ಕೋಣೆಯ ಬಾಗಿಲನ್ನು ಕೀಲು ಸಮೇತ ಕೀಳಿಸಿದರು. ಸುರೇಶ ಡ್ರಮ್ಮನ್ನು ಗುಜರಿಗೆ ಹಾಕಿದ.

ಅಪ್ಪ ಯಾರನ್ನೂ ದೂರಲಿಲ್ಲ. ಕೆ.ಆರ್. ಪುರದಲ್ಲಿ ಒಂದು ಮನೆ ನೋಡಿ ಬಂದರು, ಅಷ್ಟೇ. ಖಾಲಿ ಮಾಡುವ ಮಾತು ಹೇಳಲು ಕೆಳಗೆ ಹೋದಾಗ ನಾನೂ ಜೊತೆಗಿದ್ದೆ.

"ಬಾಗ್ಲು ತೆಗೆಸ್ಬಿಟ್ಟಿದೀನಿ ಸಾರ್" ಎಂದರು ಮುನಿರತ್ನಮ್ಮ.

"ಛೇ, ಹಂಗೇನಿಲ್ರೀ ಅಮ್ಮ. ಬಾಡಿಗಿ ಮನಿ ಅಂದಮ್ಯಾಲ ಬದಲಸೂದು ಇದ್ದದ್ದ" ಎಂದರು ಅಪ್ಪ. ಅದು ಉತ್ತರವಾಗಿರಲಿಲ್ಲ. ಅವರಿಬ್ಬರಿಗೂ ಗೊತ್ತಿತ್ತು.

ಲಾರಿ ಹೊರಡುವಾಗ ಮುನಿರತ್ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಅಜ್ಜಿ ಮಾತ್ರ ಕೈಬೀಸಿ, "ಮುಂದಿನ ಬ್ಯಾಸಗಿಗೆ ಬರ್ತೀನ್ ತಂಗಿ, ಶೆಗಡಿ ಹತ್ತಸಿ ಇಡು" ಎಂದು ಕೂಗಿದಳು. ಏನೂ ನೆನಪಿಲ್ಲದವಳು ಮಾತ್ರ ಆಡಬಹುದಾದ ಮಾತು. ಮುನಿರತ್ನಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು.

ಆಮೇಲೆ ಪ್ರತಿ ಬೇಸಿಗೆ ಅಜ್ಜಿ ಕೆ.ಆರ್. ಪುರಕ್ಕೆ ಬಂದಾಗಲೂ ಕೇಳುತ್ತಿದ್ದಳು. "ಮುನಿರತ್ನವ್ವನ ಮನಿಗೆ ಕರ್ಕೊಂಡ್ ಹೋಗ್ರೋ. ಆ ಹುಡುಗಗ ಬರ್ಗರ್ ಮಾಡಿ ತಿನ್ನಸೂದೈತಿ." ಅಪ್ಪ, "ಮುಂದಿನ ಐತವಾರ ಹೋಗೂಣು" ಎನ್ನುತ್ತಿದ್ದರು. ಬಸ್ಸಿನಲ್ಲಿ ಕೂತರೆ ದೂರವೇನೂ ಅಲ್ಲ. ಆ ಮುಂದಿನ ಭಾನುವಾರ ಬರಲಿಲ್ಲ. ಅಜ್ಜಿ ಆರನೇ ವರ್ಷದ ಚಳಿಗಾಲದಲ್ಲಿ ಗದಗಿನಲ್ಲಿ, ಬೆಳಕಿಂಡಿಯ ಕೆಳಗೆ, ಮುಪ್ಪಿನಿಂದ ತೀರಿಕೊಂಡಳು.

ಮರು ಬೇಸಿಗೆಯಲ್ಲಿ ಒಂದು ಶನಿವಾರ, ಇಂದಿರಾನಗರದ ನನ್ನ ಆಫೀಸಿನಿಂದ ಮನೆಗೆ ಹೊರಟವಳು ತಿಪ್ಪಸಂದ್ರದಲ್ಲಿ ಇಳಿದುಬಿಟ್ಟೆ. ಬೇಕರಿ ಇತ್ತು. ಗೇಟು ಇತ್ತು. ಮುನಿರತ್ನಮ್ಮ ಬಾಗಿಲಿಗೆ ಬಂದು ಕನ್ನಡಕ ಸರಿಮಾಡಿಕೊಂಡು, "ಸುಮಾ?" ಎಂದರು. ಆಮೇಲೆ ಮೊದಲು ಕೇಳಿದ್ದು, "ಅಜ್ಜಿ ಹೆಂಗಿದಾರೆ?"

ಹೇಳಿದೆ. ಅವರು ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

ನಾರಾಯಣಪ್ಪನವರು ಈಗ ಹಲಸೂರಿಗೆ ಮೊದಲೇ ಮದುವೆಯಾಗಿ ಹೋಗಿದ್ದ ಮಗಳ ಮನೆಯಲ್ಲೇ ಹೆಚ್ಚು ಇರುತ್ತಾರಂತೆ. ಸುರೇಶ ಹೋಟೆಲ್ ಕೆಲಸ ಆಗಲೇ ಬಿಟ್ಟನಂತೆ, ಕೆಂಡ ಕಂಡರೆ ಅಡುಗೆಮನೆಯಿಂದ ಹೊರಗೆ ಬಂದುಬಿಡುತ್ತಿದ್ದನಂತೆ. ಈಗ ಮಾರತಹಳ್ಳಿಯಲ್ಲಿ ಮೊಬೈಲ್ ಅಂಗಡಿ. ಎಂಥ ಕೈ ಅದು! ಹಾಗೆ ಹೋಯಿತಲ್ಲ.

ತಾರಸಿಗೆ ಹೋದೆವು. ಕೋಣೆಗೆ ಇನ್ನೂ ಬಾಗಿಲಿರಲಿಲ್ಲ. ಮಳೆ ಬಡಿದು ನೆಲ ಪಾಚಿಗಟ್ಟಿತ್ತು. ಒಳಗೆ ಒಂದೂ ಸಾಮಾನಿರಲಿಲ್ಲ. "ಬಾಗ್ಲು ಹಾಕ್ಸು, ಬಾಡಿಗೆಗಾದ್ರೂ ಬರತ್ತೆ ಅಂತಾರೆ ಎಲ್ರೂ" ಎಂದರು ಮುನಿರತ್ನಮ್ಮ. "ನಂಗೆ ಆಗಲ್ಲ ಕಣಮ್ಮ."

ಕೆಳಗೆ ಬಂದು, ಫ್ರಿಜ್ಜಿನಿಂದ ಡಬ್ಬಿ ತೆಗೆದರು. ಮೊಳಕೆ ಬಂದ ಮಡಿಕೆಕಾಳು. ಕಿಟಕಿಗಳನ್ನೆಲ್ಲ ತೆರೆದು, ಗ್ಯಾಸಿನ ಮೇಲೆ ಕಾವಲಿ ಇಟ್ಟು, ಬಾಳೆಲೆಯ ಮೇಲೆ ತಟ್ಟತೊಡಗಿದರು. ಪುಟಾಣಿ ಹಿಟ್ಟು. ಅವರೂ ಈಗ ಪುಟಾಣಿ ಎಂದೇ ಅನ್ನುತ್ತಿದ್ದರು. "ಮೊಮ್ಮಕ್ಳು ಬಂದ್ರೆ ಇದೇ ಬೇಕು. ಗದಗಜ್ಜಿ ಬರ್ಗರ್ ಅಂತ ಹೆಸ್ರಿಟ್ಟಿದಾರೆ."

ಒಂದು ತುತ್ತು ತಿಂದೆ. ಅದೇ. ಕೆಂಡದ ವಾಸನೆಯೊಂದು ಇರಲಿಲ್ಲ.

"ಅಜ್ಜಿ ಪ್ರತಿ ಬೇಸಿಗೆ ಇಲ್ಲಿಗೆ ಬರ್ಬೇಕು ಅಂತಿದ್ಲು ಆಂಟಿ" ಎಂದೆ. "ಆ ದಿನದ್ದು ಅವಳಿಗೆ ಏನೂ ನೆನಪಿರ್ಲಿಲ್ಲ. ನಿಮ್ಮ ಬಗ್ಗೆ ಒಂದ್ ದಿನನೂ ಒಂದು ಕೆಟ್ಟ ಮಾತು ಆಡ್ಲಿಲ್ಲ."

ಮುನಿರತ್ನಮ್ಮ ಕಾವಲಿ ನೋಡುತ್ತಲೇ ಕೇಳಿದರು. "ಮತ್ಯಾಕೆ ಕರ್ಕೊಂಡ್ ಬರ್ಲಿಲ್ಲ?"

"ಅಪ್ಪನಿಗೆ ಭಯ. ನಿಮ್ಮ ಮೇಲೆ ಕೋಪ ಇರ್ಲಿಲ್ಲ ಆಂಟಿ. ಆ ಮೆಟ್ಟಿಲು ಹತ್ತೋಕೆ ಭಯ. ನಂಗೂ ಅಷ್ಟೇ. ಕಿಟಕಿ ಮುಚ್ಚಿದ್ದು ಸುರೇಶ, ಗೋಣಿ ಇಟ್ಟಿದ್ದು ಅವ್ವ, ಏನಾಗತ್ತೆ ಅಂದಿದ್ದು ಅಜ್ಜಿ. ನೀವೊಬ್ರೇ ಬಾಗಿಲು ಹೊತ್ಕೊಂಡು ಕೂತಿದೀರಿ."

ಅವರು ಬಿಲ್ಲೆ ಮಗುಚಿದರು. "ಇದನ್ನ ಹೇಳೋಕೆ ಇಷ್ಟ್ ವರ್ಷ ಬೇಕಾಯ್ತಾ ನಿಮ್ಗೆ?" ಎಂದರು. ಬೈಗುಳವೂ ಅಲ್ಲ, ಅಳುವೂ ಅಲ್ಲ.

ಹೊರಗೆ ಧೂಳೆದ್ದು ಮಳೆ ಶುರುವಾಯಿತು. "ಈ ಮಳೇಲಿ ಎಲ್ಲಿ ಹೋಗ್ತೀಯ, ಇಲ್ಲೇ ಇರು" ಎಂದರು. ಮನೆಗೆ ಫೋನ್ ಮಾಡಿ ಹೇಳಿದೆ. ಅಪ್ಪ, "ಅವರಿಗೆ ನಮಸ್ಕಾರ ಹೇಳವ್ವ" ಎಂದರು. ನಡುಮನೆಯಲ್ಲಿ ನಮ್ಮಿಬ್ಬರಿಗೂ ಹಾಸಿಗೆ ಬಿಚ್ಚಿದರು. ಕಿಟಕಿ ತೆರೆಯಲು ನಾನು ಏಳುವ ಮೊದಲೇ ಅವರು ಒಂದೊಂದಾಗಿ ತೆರೆದಿಟ್ಟು ಬಂದರು. ನನಗೆ ನಗು ಬಂತು. ಅವರಿಗೂ ಬಂತು. ಆಚೆ ಮಳೆ ಒಂದೇ ಸಮ ಸುರಿಯುತ್ತಿತ್ತು. ಅವರು ಏನೋ ಹೇಳುತ್ತಿದ್ದರು, ಮಗಳ ಮನೆಯ ವಿಷಯ. ಆ ಮಾತು ಎಲ್ಲಿ ನಿಂತಿತೋ ನನಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಪಕ್ಕದಲ್ಲಿ ಮುನಿರತ್ನಮ್ಮ ಎದ್ದು ಕೂತು, ಕೂದಲು ಕಟ್ಟಿಕೊಳ್ಳುತ್ತಾ ಗಡಿಯಾರ ನೋಡುತ್ತಿದ್ದರು.

"ಅಯ್ಯೋ, ನೋಡೇ ಹೊತ್ತು! ಬೆಳ್ಗಾಗೋ ತನಕ ಹಿಂಗೆ ಮಲ್ಗಿ ಎಷ್ಟ್ ವರ್ಷ ಆಯ್ತೋ" ಎಂದರು. "ನೀನಾದ್ರೂ ಎಬ್ಬಿಸ್ಬಾರ್ದಾ?"

"ನಾನೂ ಈಗ್ಲೇ ಎದ್ದೆ ಆಂಟಿ."

ಗೇಟಿಗೆ ಸಿಕ್ಕಿಸಿ ಹೋಗಿದ್ದ ಹಾಲಿನ ಪ್ಯಾಕೆಟ್ಟು ಬಿಸಿಲಿಗೆ ಆಗಲೇ ಬೆಚ್ಚಗಾಗಿತ್ತು.